ತಟ್ಟೆಗೆ ಇಳಿಯದ ಸೀಸ

ಕುಲುಮೆಯಿಂದ ತಟ್ಟೆಗೆ ಇಳಿಯುವ ಸೀಸ ದಿನೇ ದಿನೇ ಕಡಿಮೆಯಾಗುತ್ತಿದೆ ಎಂದು ಗಂಡ ಮುಖ ಗಂಟಿಕ್ಕಿಕೊಂಡು ಕೂತಾಗಲೇ ಅಕ್ಕನಿಗೆ ಗೊತ್ತಾಯಿತು, ಇದು ತನ್ನ ತಮ್ಮನ ತಲೆಗೇ ಬರುತ್ತದೆ ಎಂದು. ಇನ್ಯಾರ ತಲೆಗೆ ಬರಬೇಕು? ಶೆಡ್ಡಿನಲ್ಲಿ ಇದ್ದವರೇ ಮೂವರು. ಹಳೆ ಟಿವಿ, ಕಂಪ್ಯೂಟರುಗಳನ್ನು ಬಿಚ್ಚಿ ಬೋರ್ಡು ಬೇರ್ಪಡಿಸುವವಳು ಅವಳು, ಮುಚ್ಚಿದ ಕುಲುಮೆಯಲ್ಲಿ ಅವನ್ನು ಕಾಯಿಸಿ ಬೆಸುಗೆಯ ಸೀಸ ಇಳಿಸುವವನು ತಮ್ಮ, ತೂಗಿ ಮಾರುವವನು ಗಂಡ. ತೂಗುವವನು ತನ್ನನ್ನೇ ಕಳ್ಳ ಎಂದುಕೊಳ್ಳುತ್ತಾನೆಯೇ!

“ನಿನ್ನ ತಮ್ಮ ಸಂಜೆ ಚೀಲ ಹೆಗಲಿಗೆ ಹಾಕ್ಕೊಂಡು ಹೋಗ್ತಾನಲ್ಲ, ಏನಿರುತ್ತೆ ಅದರಲ್ಲಿ?” ಎಂದ ಗಂಡ.

“ಊಟದ ಡಬ್ಬಿ, ಬೆವರಿನ ಅಂಗಿ. ಇನ್ನೇನು ಬಂಗಾರ ಇರುತ್ತಾ?”

“ಬಂಗಾರ ಅಲ್ಲ, ಸೀಸ. ಕೈಗೆ ಸಿಕ್ಕಿಬಿದ್ದ ದಿನವೇ ಕೊನೆ, ಆಮೇಲೆ ಅವನು ಈ ಬಾಗಿಲು ತುಳಿಯೋ ಹಾಗಿಲ್ಲ. ನೀನು ಅತ್ತರೂ ಅಷ್ಟೇ, ಕರೆದರೂ ಅಷ್ಟೇ.”

ಅಮ್ಮ ಹೋದ ಮೇಲೆ ಅಕ್ಕನ ಕೈತುತ್ತು ತಿಂದೇ ದೊಡ್ಡವನಾದ ತಮ್ಮ. ತನ್ನವರು ಅಂತ ಅವಳಿಗೆ ಉಳಿದದ್ದೇ ಅವನೊಬ್ಬ. “ನನ್ನ ತಮ್ಮನ ಕೈ ಶುದ್ಧ ಇದೆ, ಬಾಯಿಗೆ ಬಂದ ಹಾಗೆ ಆಡ್ಬೇಡಿ” ಎಂದು ಗಂಡನ ಮೇಲೆ ಹರಿಹಾಯ್ದಳು. ಹರಿಹಾಯ್ದದ್ದೇನೋ ನಿಜ, ಆದರೆ ಅವನು ತಲೆಯೊಳಗೆ ಬಿಟ್ಟ ಹುಳ ಸುಮ್ಮನಿರಬೇಕಲ್ಲ! ತಮ್ಮ ಹೊಸ ಚಪ್ಪಲಿ ಮೆಟ್ಟಿಕೊಂಡು ಬಂದರೆ, ಇದು ಎಲ್ಲಿಂದ ಬಂತು? ಬೇಗ ಹೊರಟರೆ, ಯಾಕಿಷ್ಟು ಅವಸರ? ನಕ್ಕರೆ, ಏನು ಮುಚ್ಚಿಡಲು ಈ ನಗು? ಹಾಳು ಮನಸ್ಸು, ಅವಳನ್ನು ಕೂತಲ್ಲಿ ಕೂರಲು ಬಿಡಲಿಲ್ಲ.

ಒಂದು ಮಧ್ಯಾಹ್ನ ಅವನು ಕೈ ತೊಳೆಯಲು ಹೋದಾಗ ಮೊಳೆಗೆ ನೇತುಹಾಕಿದ್ದ ಚೀಲ ಇಳಿಸಿದಳು. ಡಬ್ಬಿಯ ಮುಚ್ಚಳ ತೆಗೆದಳು. ಅಂಗಿ ಕೊಡವಿದಳು, ಅದರ ಜೇಬಿಗೂ ಕೈ ಹಾಕಿದಳು. ಏನೂ ಇರಲಿಲ್ಲ. ತಿರುಗಿದರೆ ಬಾಗಿಲಲ್ಲಿ ತಮ್ಮ, ಒದ್ದೆ ಕೈಯಿಂದ ನೀರು ತೊಟ್ಟಿಕ್ಕುತ್ತಿತ್ತು.

“ಸಿಕ್ತಾ ಅಕ್ಕಾ?”

“ಡಬ್ಬಿ ತೊಳೆದಿಡೋಣ ಅಂತ ಕಣೋ...”

ಅವನು ಕುಲುಮೆಯ ಕಡೆ ಹೋದ. ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು ಅವಳಿಗೆ.

ಆ ವಾರವೇ ಕುಲುಮೆಯ ಹೊಗೆ ಮೇಲೆ ಹೋಗದೆ ಶೆಡ್ಡಿನೊಳಕ್ಕೇ ನುಗ್ಗಿ ಬಂತು. ಮೂವರೂ ಕೆಮ್ಮುತ್ತಾ ಹೊರಗೆ ಓಡಿದರು. “ಓಹೋ, ಮಾಲು ಹೊಗೆಕೊಳವೆಯೊಳಗೆ ಬಚ್ಚಿಟ್ಟಿದ್ದಾನೆ!” ಎಂದ ಗಂಡ, ಕುಲುಮೆ ಆರಿದ್ದೇ ತಡ, ಏಣಿ ಹತ್ತಿ ಹೊಗೆಕೊಳವೆ ಬಾಗುವ ಜಾಗವನ್ನು ಬಿಚ್ಚಿದ. ಬಚ್ಚಿಟ್ಟ ಗಂಟೇನೂ ಇರಲಿಲ್ಲ. ಬೂದು ಬಣ್ಣದ ಪುಡಿ ಗಾರೆಯ ಹಾಗೆ ಗಟ್ಟಿಯಾಗಿ ಕೂತು ದಾರಿ ಕಟ್ಟಿತ್ತು. ಕೆರೆದು ತೆಗೆದ ಹೆಂಟೆ ಅಂಗೈಯಲ್ಲಿ ಭಾರವಾಯಿತು. ಬರೀ ಮಸಿ ಇಷ್ಟು ತೂಗುತ್ತದೆಯೇ? ಅನುಮಾನದ ಮನುಷ್ಯ, ಅದನ್ನೂ ಬಿಡಲಿಲ್ಲ. ಹೆಂಡತಿಯನ್ನು ಕರೆದುಕೊಂಡು ಸೀಸ ಕೊಳ್ಳುವ ಕಾರ್ಖಾನೆಗೆ ಹೋದ.

ಅಲ್ಲಿ ಪರೀಕ್ಷೆ ಮಾಡುವಾಕೆ ಕೇಳಿದಳು, “ಬೋರ್ಡಿನ ಜೊತೆ ಬೇರೇನಾದ್ರೂ ಹಾಕ್ತೀರಾ?”

“ಟಿವಿ ಪೆಟ್ಟಿಗೆಯ ಪ್ಲಾಸ್ಟಿಕ್ಕು. ಬಿಸಾಕೋಕೆ ಜಾಗ ಇಲ್ಲ, ಅದೂ ಅದರಲ್ಲೇ ಕರಗಿಹೋಗ್ಲಿ ಅಂತ ಈಚೆಗೆ ನಾನೇ ಹಾಕಿಸ್ತಿದ್ದೀನಿ” ಎಂದ ಗಂಡ, ಎದೆಯುಬ್ಬಿಸಿ.

“ಅದೇ ನೋಡಿ. ಬೆಂಕಿ ಹತ್ತಬಾರದು ಅಂತ ಆ ಪ್ಲಾಸ್ಟಿಕ್ಕಿಗೆ ಬ್ರೋಮಿನ್ ಬೆರೆಸಿರ್ತಾರೆ. ಕಾಯಿಸಿದಾಗ ಅದು ಹೊರಗೆ ಬಂದು ಸೀಸಾನ ಹಿಡ್ಕೊಂಡು ಆವಿಯಾಗಿ ಏರುತ್ತೆ, ತಣ್ಣಗಿರೋ ಕಡೆ ಪುಡಿಯಾಗಿ ಕೂರುತ್ತೆ. ನಿಮ್ಮ ಸೀಸ ಇದರಲ್ಲೇ ಇದೆ. ಆ ಹೊಗೆ ಮಾತ್ರ ವಿಷ, ಹತ್ತಿರ ಹೋಗ್ಬೇಡಿ.”

ಗಂಡನ ಮುಖ ಊರಗಲ ಆಯಿತು. ದಾರಿಯುದ್ದಕ್ಕೂ ಕೊಳವೆಯದೇ ಮಾತು: ಉದ್ದ ಮಾಡಿಸಬೇಕು, ತಣ್ಣಗಿಡಬೇಕು, ಚೂರೂ ಹೊರಗೆ ಹೋಗದಂತೆ ಹಿಡಿಯಬೇಕು. ಶೆಡ್ಡಿಗೆ ಬಂದವನೇ ತಮ್ಮನ ಬೆನ್ನು ತಟ್ಟಿದ. “ನನಗೆ ಮೊದಲೇ ಗೊತ್ತಿತ್ತು ಕಣಯ್ಯಾ, ನೀನು ಅಂಥೋನಲ್ಲ ಅಂತ!” ಎಂದ. ನಾಚಿಕೆ ಅನ್ನುವುದು ಹತ್ತಿರ ಸುಳಿದಿದ್ದರೆ ತಾನೇ!

“ಆಯ್ತು ಭಾವ” ಎಂದ ತಮ್ಮ.

ಅಕ್ಕನಿಗೆ ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಅಳುವೂ ಬಂತು, ನಗುವೂ ಬಂತು. ತಮ್ಮ ಉಳಿದ, ಅಷ್ಟು ಸಾಕು.

ಸಂಜೆ ಅವನು ಚೀಲ ತೆಗೆದುಕೊಂಡು ಬಾಗಿಲ ತನಕ ಹೋದವನು ವಾಪಸು ಬಂದ. ಅವಳೆದುರು ನಿಂತು ಚೀಲದ ಬಾಯಿ ಅಗಲಿಸಿ ಹಿಡಿದ.

“ನೋಡ್ಬಿಡು ಅಕ್ಕಾ. ನಾನು ಹೊರಡ್ತೀನಿ.”

“ಥೂ, ಬೇಡ ಕಣೋ!” ಎಂದಳು. ಅನ್ನುವ ಮೊದಲೇ ಅವಳ ಕಣ್ಣು ಚೀಲದೊಳಕ್ಕೆ ಹೋಗಿ ಬಂದಿತ್ತು. ತಮ್ಮ ಅದನ್ನೂ ನೋಡಿದ.