ಹತ್ತನೆಯ ಜಾಗ

ನೋರೀನ್ ಶವಪೆಟ್ಟಿಗೆಯ ಮೇಲೆ ಹೊದಿಸಿದ್ದ ಜರ್ಸಿಯ ಪಿನ್ನುಗಳನ್ನು ಒಂದೊಂದಾಗಿ ಕಿತ್ತಳು. ಕೊನೆಯದು ಬೆರಳಿಗೆ ಚುಚ್ಚಿತು. ರಕ್ತವನ್ನು ಅದೇ ಜರ್ಸಿಗೆ ಒರೆಸಿ, ಬಟ್ಟೆಯನ್ನು ಮುದ್ದೆ ಮಾಡಿ ಗಿಲ್‌ನ ಕೈಗೆ ತುರುಕಿದಳು.

"ಇದನ್ನ ಇಲ್ಲಿ ಹೊದಿಸಿದ್ಯಾರು?"

"ಕಲ್ಹೇನ್ ಅವರು ಬೆಳಿಗ್ಗೆ ಕಳಿಸಿದ್ರು," ಅಂದ ಗಿಲ್. ಕ್ಲೋನಾರ್ಡ್ ಊರಿನಲ್ಲಿ ಬಿಯರೂ ಶವಪೆಟ್ಟಿಗೆಯೂ ಅವನ ಹತ್ತಿರವೇ ಸಿಗುತ್ತಿದ್ದವು. ಸರ್ಕಾರ ಪಬ್ ಮುಚ್ಚಿಸಿತ್ತು, ಇನ್ನೊಂದು ವ್ಯಾಪಾರ ಮಾತ್ರ ಜೋರಾಗಿತ್ತು. "ಕ್ಲಬ್ಬಿನ ಜರ್ಸಿ ಹೊದಿಸೋದು ಪದ್ಧತಿ ಅಲ್ವಾ. ನಾನೂ ಹೂಂ ಅಂದೆ."

"ಕ್ಲಬ್ಬಿನ ಹೆಸರು ಎಲ್ಲಿದೆ, ತೋರಿಸು. ಎದೆ ತುಂಬ ಅವನ ಹೋಟೆಲಿನ ಹೆಸರೇ ಇದೆ. ನನ್ನ ಗಂಡ ಏನು ಬಸ್ ಸ್ಟ್ಯಾಂಡಿನ ಗೋಡೆನಾ, ಜಾಹೀರಾತು ಹಚ್ಚೋಕೆ?"

"ಅಮ್ಮಾ, ಮಾಸ್ಕ್ ಮೂಗಿನ ಮೇಲಕ್ಕೆ ಹಾಕ್ಕೋ," ಅಂದಳು ಮಗಳು ಡರ್ವ್ಲಾ. ಇಂಥ ಹೊತ್ತಿನಲ್ಲೂ ಹೇಳಬೇಕಾಗಿ ಬಂದದ್ದಕ್ಕೆ ಅವಳಿಗೇ ನಾಚಿಕೆಯಾಯಿತು.

ಪೆಟ್ಟಿಗೆಯೊಳಗಿದ್ದವನು ಮ್ಯಾಲಕಿ ಟೂಹಿ. ಕೌನ್ಸಿಲ್ಲಿನಲ್ಲಿ ನೀರಿನ ಪೈಪು ರಿಪೇರಿ ಮಾಡಿ ನಿವೃತ್ತನಾದವನು. ಆಯಸ್ಸಿನ ಬಹುಪಾಲು ಕ್ಲೋನಾರ್ಡ್ ಯುನೈಟೆಡ್ ಮೈದಾನದ ಗೇಟು ಕಾದವನು. ಜನವರಿಯ ಒಂದು ಬೆಳಿಗ್ಗೆ ಶೂ ಲೇಸು ಕಟ್ಟಲು ಬಗ್ಗಿದವನು ಮತ್ತೆ ಮೇಲೇಳಲಿಲ್ಲ. ಜರ್ಸಿ ಕಳಿಸಿದ ಫಿನ್‌ಟನ್ ಕಲ್ಹೇನ್ ಅದೇ ಕ್ಲಬ್ಬಿನ ಅಧ್ಯಕ್ಷ, ಹೊಳೆದಂಡೆಯ ದೊಡ್ಡ ಹೋಟೆಲಿನ ಧಣಿ.

ಚರ್ಚಿನೊಳಗೆ ಹತ್ತೇ ಜನ ಎಂಬುದು ಆಗಿನ ನಿಯಮ. ಮನೆಯವರೇ ಒಂಬತ್ತಾಗಿದ್ದರು. ಕಡಲಾಚೆ ಪರ್ತ್‌ನಲ್ಲಿದ್ದ ಮಗ ವಿಮಾನವಿಲ್ಲದೆ ಅಲ್ಲೇ ಕೂತು ಫೋನಿನಲ್ಲಿ ಅಪ್ಪನ ಪೂಜೆ ನೋಡಬೇಕಾಗಿತ್ತು. ಉಳಿದ ಒಂದು ಜಾಗ ತನಗೇ ಎಂದು ಕಲ್ಹೇನ್ ಮತ್ತೆ ಮತ್ತೆ ಫೋನು ಮಾಡಿದ್ದ. ಕ್ಲಬ್ಬಿನ ಪರವಾಗಿ ಎರಡು ಮಾತಾಡುತ್ತಾನಂತೆ. ನೋರೀನ್ ಫೋನು ಎತ್ತಿರಲಿಲ್ಲ. ಆ ಜಾಗವನ್ನು ಅವಳು ಗಂಡನ ಹಳೆಯ ಗೆಳೆಯ ಪಾಕಿ ಡೂಲನ್‌ಗೆಂದು ಇಟ್ಟಿದ್ದಳು. "ಇದೆಲ್ಲ ಮುಗಿದ ದಿನ ಮೊದಲು ಪಾಕಿಗೆ ಮೈದಾನದ ಬಾಗಿಲು ತೆಗೀತೀನಿ, ಆಮೇಲೆ ಬೇರೆಯವರಿಗೆ," ಎಂದು ಮ್ಯಾಲಕಿ ಆ ಚಳಿಗಾಲ ಪೂರ್ತಿ ಹೇಳುತ್ತಿದ್ದ. ಆದರೆ ಪಾಕಿ ಆಗಸ್ಟಿನಿಂದ ಆ ಮನೆಯವರ ಮುಖ ನೋಡುತ್ತಿರಲಿಲ್ಲ.

*

ಹಿಂದಿನ ಬೇಸಿಗೆಯಲ್ಲಿ ದೇಶದ ಫುಟ್‌ಬಾಲ್ ಲೀಗು ಅರ್ಧಂಬರ್ಧ ನಡೆದದ್ದು ನೋರೀನಳ ಅಡುಗೆಮನೆಯ ಮೇಜಿನಿಂದ. ಕೋಟು ಹಾಕಿದ ಲೀಗಿನ ದೊಡ್ಡವರೆಲ್ಲ ತಂತಮ್ಮ ಮನೆಯಲ್ಲಿ ಕೂತು ಪರದೆಯ ಮೇಲೆ ಮುಖ ತೋರಿಸುತ್ತಿದ್ದರು. ಮೈದಾನದಿಂದ ಮೈದಾನಕ್ಕೆ ಅಲೆಯುವ ಕೆಲಸಕ್ಕೆ ಯಾರೂ ಸಿಗದೆ ಮ್ಯಾಲಕಿಯನ್ನು ಹಿಡಿದುಹಾಕಿದರು. ಕೊರಳಿಗೊಂದು ಕಾರ್ಡು ನೇತುಹಾಕಿ 'ಕೋವಿಡ್ ಅಧಿಕಾರಿ' ಅಂದರು. ಅವನು ತಲೆದೂಗದೆ ರೆಫರಿ ಸೀಟಿ ಊದುವಂತಿರಲಿಲ್ಲ.

ಸಂಜೆಯ ವಾರ್ತೆಯಲ್ಲಿ ಮಂತ್ರಿ ಒಂದು ಹೇಳಿದರೆ, ಮರುದಿನದ ವಾರ್ತೆಯಲ್ಲಿ ಇನ್ನೊಂದು. ಇನ್ನೂರು ಜನ ಬರಬಹುದು ಅಂದರು, ಟಿಕೆಟ್ಟಿನ ಶಾಯಿ ಒಣಗುವ ಮೊದಲೇ ಯಾರೂ ಬರುವ ಹಾಗಿಲ್ಲ ಅಂದರು. ಒಬ್ಬ ಆಟಗಾರನ ತಾಯಿಗೆ ಜ್ವರ ಬಂದದ್ದಕ್ಕೆ ಅರ್ಧ ದಾರಿ ಬಂದಿದ್ದ ತಂಡದ ಬಸ್ಸು ಪೆಟ್ರೋಲ್ ಬಂಕಿನಿಂದಲೇ ಹಿಂದಿರುಗಿತು. ಹುಡುಗರು ಮನೆಯಿಂದಲೇ ಬೂಟು ಕಟ್ಟಿಕೊಂಡು ಬಂದು ಕಾರಿನೊಳಗೆ ಕೂತು ಸ್ಯಾಂಡ್‌ವಿಚ್ ತಿಂದರು.

ಖಾಲಿ ಮೈದಾನದ ಮಾತೆಲ್ಲ ಊರಿಗೇ ಕೇಳಿಸುತ್ತಿತ್ತು. ಒಂದು ದಿನ ಊರಿನ ಚರ್ಚಿನ ಫಾದರ್ ಲೋರ್ಕನ್ ಫೋನು ಮಾಡಿದರು.

"ಮ್ಯಾಲಕಿ, ನಿಮ್ಮ ಗೋಲ್‌ಕೀಪರ್ ಬಾಯಿಂದ ಬಂದ ಮಾತುಗಳನ್ನ ನಾನು ಪಾಪನಿವೇದನೆಯಲ್ಲೂ ಕೇಳಿಲ್ಲ ಕಣಪ್ಪ."

"ಕಿಟಕಿ ಮುಚ್ಕೊಳ್ಳಿ ಫಾದರ್."

"ಬೇಡ, ಬೇಡ. ಸುಮ್ನೆ ಹೇಳಿದೆ. ಊರಲ್ಲಿ ಬೇರೇನೂ ಕೇಳಿಸ್ತಾನೇ ಇಲ್ಲ."

ಆ ಮಾತನ್ನು ಹೇಳಿ ಹೇಳಿ ಮ್ಯಾಲಕಿ ನಕ್ಕಿದ್ದ. ಆದರೆ ಒಳಗೆ ಪುಕುಪುಕು ಇದ್ದೇ ಇತ್ತು. ಎಲ್ಲಾದರೂ ಒಂದು ಕ್ಲಬ್ಬು ನಿಯಮ ಮುರಿದದ್ದು ಪತ್ರಿಕೆಗೆ ಸಿಕ್ಕರೆ ಸರ್ಕಾರ ಲೀಗನ್ನೇ ಮುಚ್ಚಿಸುತ್ತದೆ, ಮುಚ್ಚಿದರೆ ಅರ್ಧ ಕ್ಲಬ್ಬುಗಳು ಮತ್ತೆ ಏಳುವುದಿಲ್ಲ ಎಂದು ಅವನು ನಂಬಿದ್ದ. ಅದಕ್ಕೇ ನಿದ್ದೆಗೆಟ್ಟಿದ್ದ.

*

ಪದ್ಧತಿಯಂತೆ ಶವದ ಕಾರು ಮೈದಾನದ ಮುಂದೆ ನಿಂತಿತು. ರಸ್ತೆಯ ಎರಡೂ ಬದಿ ಜನ ದೂರ ದೂರ ನಿಂತು ಚಪ್ಪಾಳೆ ತಟ್ಟಿದರು. ಮಂಜು ಬೆರೆತ ಮಳೆ ಹನಿಯುತ್ತಿತ್ತು. ಗೇಟಿನ ಪಕ್ಕ, ಟಿಕೆಟ್ ಕಿಂಡಿಯ ತಗಡಿನ ಬಾಗಿಲಿಗೆ ಒರಗಿ ಪಾಕಿ ಡೂಲನ್ ನಿಂತಿದ್ದ. ಎಂಬತ್ತು ದಾಟಿದ ಮುದುಕ. ಅವನ ಕೈಗಳು ಜೇಬಿನಲ್ಲೇ ಇದ್ದವು.

ನೋರೀನ್ ಕಾರಿನಿಂದಿಳಿದು ನೇರ ಅವನ ಬಳಿಗೆ ಹೋದಳು.

"ಪಾಕಿ, ಚರ್ಚಿನೊಳಗೆ ಒಂದು ಜಾಗ ಇದೆ. ಅದು ನಿಮ್ಮದು."

"ನಿನ್ನ ಕಷ್ಟಕ್ಕೆ ಮರುಗ್ತೀನಿ ನೋರೀನ್," ಅಂದ ಪಾಕಿ. ಎಲ್ಲರೂ ಎಲ್ಲ ಸಾವಿನಲ್ಲೂ ಹೇಳುವ ಮಾತು ಅದು. "ಜಾಗ ಬೇರೆ ಯಾರಿಗಾದ್ರೂ ಕೊಡು."

"ಎಲ್ಲ ಮುಗಿದ ಮೇಲೆ ಮೊದಲು ನಿಮಗೇ ಬಾಗಿಲು ತೆಗೀತೀನಿ ಅಂತಿದ್ದ ಅವನು."

"ನೋಡು ತಾಯಿ. ನನ್ನ ಹೆಂಡ್ತಿ ಮೇವಿಸ್ ಮಣ್ಣಿಗೆ ಹೋದಾಗ್ಲೂ ಹತ್ತೇ ಜನ. ಅವಳ ತಂಗೀನ ಗೇಟಿಂದ ಹಿಂದಕ್ಕೆ ಕಳಿಸಿದ್ವಿ. ನಿಯಮ ಅಂದ್ರು, ಆಯ್ತು ಅಂದೆ. ನಿನ್ನ ಗಂಡ ಇಳಿ ಅಂದಾಗ್ಲೂ ಆಯ್ತು ಅಂತ ಇಳಿದೆ. ಆದ್ರೆ ಗೋಡೆ ಮೇಲಿಂದ ನನಗೆ ಮೈದಾನ ಒಂದೇ ಕಾಣಿಸಲಿಲ್ಲ." ಅವನು ಮೈದಾನದೊಳಗಿನ ಮಹಡಿಯತ್ತ ಗದ್ದ ಎತ್ತಿ ತೋರಿಸಿದ. "ಆವತ್ತು ಮಹಡಿ ಕೋಣೇಲಿ ಕಲ್ಹೇನ್ ಕಡೆಯವ್ರೆಲ್ಲ ಕೂತಿದ್ದು ಮ್ಯಾಲಕಿಗೆ ಗೊತ್ತಿತ್ತಾ?"

ನೋರೀನ್ ಇಲ್ಲ ಎನ್ನಬಹುದಿತ್ತು. ಸತ್ತವನು ಎದ್ದು ಬಂದು ಹೌದು ಎನ್ನುತ್ತಿರಲಿಲ್ಲ.

"ಗೊತ್ತಿತ್ತು," ಅಂದಳು. "ಮನೆಗೆ ಬಂದು ಸಿಂಕಿನಲ್ಲಿ ಕಕ್ಕಿಕೊಂಡ. ನಾನು ಬೆನ್ನು ಸವರೋಕೂ ಹೋಗಲಿಲ್ಲ."

ಅವಳು ಕಾರಿಗೆ ಹಿಂದಿರುಗಿದಳು.

*

ಪ್ರತಿ ಪಂದ್ಯಕ್ಕೂ ಪಾಕಿ ಎಲ್ಲರಿಗಿಂತ ಮೊದಲೇ ಬರುತ್ತಿದ್ದ. ಬಾಗಿಲು ತೆಗೆಯುವ ಹೊತ್ತಾಗಿರುತ್ತಿರಲಿಲ್ಲ. ಬೆರಳ ಗಂಟಿನಿಂದ ತಗಡಿನ ಮೇಲೆ ಎರಡು ಸಲ ತಟ್ಟುತ್ತಿದ್ದ. ಒಳಗಿನಿಂದ ಮ್ಯಾಲಕಿ ಚಿಲಕ ಸರಿಸುತ್ತಿದ್ದ. ಇಬ್ಬರೂ ಫ್ಲಾಸ್ಕಿನ ಚಹಾ ಕುಡಿದು, ಹೊಸ ತರಬೇತುದಾರನನ್ನು ಬೈದು, ಆಮೇಲೆ ಉಳಿದ ಊರನ್ನು ಒಳಗೆ ಬಿಡುತ್ತಿದ್ದರು. ಮ್ಯಾಲಕಿಗೆ ಮೀಸೆ ಮೂಡುವ ಮೊದಲಿನಿಂದ ಇದು ಹೀಗೇ ನಡೆದಿತ್ತು.

ಆಗಸ್ಟಿನ ಆ ಸಂಜೆಯೂ ಪಾಕಿ ಬಂದು ಎರಡು ಸಲ ತಟ್ಟಿದ. ಹೆಂಡತಿ ಹೋಗಿ ನಾಲ್ಕು ತಿಂಗಳಾಗಿತ್ತು, ಮನೆಯಲ್ಲಿ ಗೋಡೆಗಳ ಜೊತೆ ಮಾತಾಡಿ ಸಾಕಾಗಿತ್ತು. ಒಳಗಿದ್ದ ಮ್ಯಾಲಕಿ ಉಸಿರು ಬಿಗಿಹಿಡಿದು ನಿಂತ. ಚಿಲಕ ಸರಿಸಲಿಲ್ಲ, ಮಾತೂ ಆಡಲಿಲ್ಲ. ಸ್ವಲ್ಪ ಹೊತ್ತಿನಲ್ಲಿ ಗೋಡೆಯ ಮೇಲೆ ಒಂದು ಟೋಪಿ ಕಾಣಿಸಿತು. ಮುದುಕ ಗಿಲ್‌ನ ಪಬ್ಬಿನ ಖಾಲಿ ಪೀಪಾಯಿಯನ್ನು ಉರುಳಿಸಿಕೊಂಡು ಬಂದು ಹತ್ತಿದ್ದ.

"ಇಳೀರಿ ಪಾಕಿ."

"ಇದು ರಸ್ತೆ ಕಣೋ. ರಸ್ತೇಲಿ ನಿಲ್ಲೋಕೂ ನಿನ್ನ ಅಪ್ಪಣೆ ಬೇಕಾ?"

"ನಿಮ್ಮನ್ನ ನೋಡಿ ಇನ್ನು ಹತ್ತು ಜನ ಹತ್ತುತಾರೆ. ಯಾರಾದ್ರೂ ಫೋಟೋ ತೆಗೆದ್ರೆ ಲೀಗೇ ಮುಗಿದ ಹಾಗೆ. ದಯವಿಟ್ಟು ಇಳೀರಿ."

ಪಾಕಿ ಇಳಿದ. ಮ್ಯಾಲಕಿ ಅಲ್ಲಿಂದ ಮಹಡಿಯ ಕೋಣೆಗೆ ಹೋದ. ಬಾಗಿಲು ತೆರೆದರೆ ಸಿಗಡಿಯ ವಾಸನೆ ಮುಖಕ್ಕೆ ರಾಚಿತು. ಕಲ್ಹೇನ್, ಅವನ ಬಾವಮೈದ, ಹೋಟೆಲಿನ ನಾಲ್ಕು ಗಿರಾಕಿಗಳು. ಎಲ್ಲರೂ ಕೋಟಿನ ಮೇಲೆ ಸ್ವಯಂಸೇವಕರ ಹಳದಿ ಅಂಗಿ ತೊಟ್ಟು, ತಟ್ಟೆ ಹಿಡಿದು ಕೂತಿದ್ದರು. ಮಾಸ್ಕುಗಳು ಗದ್ದಕ್ಕೆ ಜೋತುಬಿದ್ದಿದ್ದವು. ಒಬ್ಬನ ಹಳದಿ ಅಂಗಿಯ ಮೇಲೆ ಸಾಸು ಚೆಲ್ಲಿತ್ತು.

"ನಾವು ಕೆಲಸದವರು ಮ್ಯಾಲಕಿ!" ಅಂದ ಕಲ್ಹೇನ್, ಬಾಯಿ ತುಂಬ ಇಟ್ಟುಕೊಂಡು. "ಕೆಲಸದವರು ಲೆಕ್ಕಕ್ಕಿಲ್ಲ ಅಂತ ನಿನ್ನ ನಿಯಮವೇ ಹೇಳತ್ತೆ. ಬಾ, ತಗೋ ಒಂದು."

ಇವರನ್ನು ಹೊರಹಾಕಿದರೆ ಗಲಾಟೆ, ಗಲಾಟೆಯಾದರೆ ಪತ್ರಿಕೆ, ಪತ್ರಿಕೆಗೆ ಬಂದರೆ ಲೀಗು ಹೋಯಿತು. ಮ್ಯಾಲಕಿ ಬಾಗಿಲು ಮುಚ್ಚಿ ಕೆಳಗಿಳಿದು ರೆಫರಿಗೆ ತಲೆದೂಗಿದ.

ಮನೆಗೆ ಬಂದಾಗ ಇನ್ನೂ ಬೆಳಕಿತ್ತು. ಸಿಂಕಿನ ಮೇಲೆ ಬಗ್ಗಿ ನಿಂತೇ ಎಲ್ಲವನ್ನೂ ಹೇಳಿದ. ಕೇಳುತ್ತ ಕೇಳುತ್ತ ನೋರೀನ್‌ಗೆ ಮೈ ಉರಿಯಿತು.

"ಮುದುಕನ್ನ ಪೀಪಾಯಿಯಿಂದ ಇಳಿಸಿದೆ. ಆ ತಿಂಡಿಪೋತರನ್ನ ಬಿಟ್ಟೆ."

"ಲೀಗ್ ಉಳೀಬೇಕಿತ್ತು ನೋರೀನ್."

"ಉಳಿಸ್ಕೋ. ನಂಗೆ ಅವರನ್ನ ನೆನೆಸಿಕೊಂಡ್ರೆ ಹೇಸಿಗೆ, ನಿನ್ನ ನೋಡಿದ್ರೂ ಹೇಸಿಗೆ."

ಲೀಗು ಉಳಿಯಿತು, ಕಪ್ ಯಾರೋ ಗೆದ್ದರು. ನೋರೀನ್ ಆ ಮಾತನ್ನು ಹಿಂತೆಗೆದುಕೊಳ್ಳಲೇ ಇಲ್ಲ. ನಾಳೆ ಹೇಳಿದರಾಯಿತು ಎಂದುಕೊಳ್ಳುತ್ತಲೇ ಜನವರಿ ಬಂದುಬಿಟ್ಟಿತು.

*

ಚರ್ಚಿನ ಬಾಗಿಲಲ್ಲಿ ಫಾದರ್ ಲೋರ್ಕನ್ ಕೈಗೆ ಹಚ್ಚುವ ದ್ರವದ ಬಾಟಲಿ ಹಿಡಿದು ನಿಂತಿದ್ದರು. ಪಕ್ಕದಲ್ಲಿ ಕಲ್ಹೇನ್ ಮತ್ತು ಮೂವರು. ಕರಿ ಕೋಟಿನ ಮೇಲೆ ಅದೇ ಹಳದಿ ಅಂಗಿ.

ಕಲ್ಹೇನ್ ಕೈಕುಲುಕುವ ಬದಲು ಮೊಣಕೈ ಮುಂದೆ ಚಾಚಿದ. ನೋರೀನ್ ಅದನ್ನು ನೋಡಿದಳು, ಮುಟ್ಟಲಿಲ್ಲ.

"ಹತ್ತನೇ ಜಾಗದ ಚಿಂತೆ ಬಿಡಿ ನೋರೀನ್," ಅಂದ ಅವನು ಮೆಲ್ಲಗೆ. "ಸ್ವಯಂಸೇವಕರು ಲೆಕ್ಕಕ್ಕೆ ಬರಲ್ಲ. ನಾವು ಹಿಂದೆ ಎಲ್ಲೋ ಕೂತ್ಕೋತೀವಿ. ಕೊನೇಲಿ ನಾನು ಎದ್ದು ಎರಡೇ ಮಾತು."

ಸಿಂಕಿನ ಮೇಲೆ ಬಗ್ಗಿದ್ದ ಗಂಡನ ಬೆನ್ನು ನೋರೀನಳ ಕಣ್ಣ ಮುಂದೆ ಬಂತು.

"ಇದೇ ಅಂಗಿ ತಾನೆ ಆವತ್ತು ಹಾಕಿದ್ದು?"

"ಒಗೆಸಿದೀನಿ," ಅಂದ ಕಲ್ಹೇನ್.

ಡರ್ವ್ಲಾ ಮುಖ ಆ ಕಡೆ ತಿರುಗಿಸಿದಳು. ಅವಳ ಭುಜ ಅಲುಗುತ್ತಿದ್ದದ್ದು ಅಳುವಿಗೋ ನಗುವಿಗೋ ತಿಳಿಯಲಿಲ್ಲ.

"ಸ್ವಯಂಸೇವಕ ಅಂದ್ಮೇಲೆ ಕೆಲಸ ಇರತ್ತೆ ಫಿನ್‌ಟನ್," ಅಂದಳು ನೋರೀನ್. ಈಗ ಅವಳ ದನಿ ಮೆಲ್ಲಗಿರಲಿಲ್ಲ. "ಗೇಟಿಗೆ ಹೋಗಿ ನಿಂತ್ಕೋ. ಬಂದವರನ್ನ ತಡಿ. ಅವನ ಜೊತೆ ಬೆಳೆದವರು ಬರ್ತಾರೆ, ಅವನ ಕೈಲಿ ನಲ್ಲಿ ರಿಪೇರಿ ಮಾಡಿಸ್ಕೊಂಡ ಮುದುಕೀರು ಬರ್ತಾರೆ. ಒಬ್ಬೊಬ್ಬರ ಮುಖ ನೋಡಿ ಒಳಗೆ ಬಿಡಲ್ಲ ಅನ್ನು. ನನ್ನ ಗಂಡ ಮಾಡಿದ್ದು ಅದೇ ಕೆಲಸ. ನೀನು ಸಿಗಡಿ ತಿಂತಿದ್ದಾಗ."

ಕಲ್ಹೇನ್ ಫಾದರ್ ಕಡೆ ನೋಡಿದ.

"ನಿಜ ಫಿನ್‌ಟನ್," ಅಂದರು ಫಾದರ್. "ಗೇಟಿಗೆ ಜನ ಬೇಕಾಗಿತ್ತು. ಒಳಗೆ ನನಗೆ ಸಾಕಷ್ಟು ಸಹಾಯ ಇದೆ."

ರಸ್ತೆಯ ಜನವೆಲ್ಲ ನೋಡುತ್ತಿದ್ದರು. ನಾಲ್ಕು ಹಳದಿ ಅಂಗಿಗಳು ಗೇಟಿಗೆ ಹೋಗಿ ಮಳೆಯಲ್ಲಿ ನಿಂತವು. ಕೊಡೆ ಹಿಡಿದ ಒಬ್ಬ ಹೆಂಗಸು ಆಗಲೇ ಕಲ್ಹೇನ್‌ನ ಮುಖಕ್ಕೆ ಬೆರಳು ತೋರಿಸಿ ಏನೋ ಕೇಳುತ್ತಿದ್ದಳು.

ಪೆಟ್ಟಿಗೆ ಒಳಗೆ ಹೋಯಿತು. ಒಂಬತ್ತು ಜನ ದೂರ ದೂರ ಕೂತರು. ಮೊದಲ ಸಾಲಿನ ತುದಿಯನ್ನು ನೋರೀನ್ ಖಾಲಿ ಬಿಟ್ಟಳು. ಫಾದರ್ ಆರಂಭಿಸಲು ಕೈ ಎತ್ತಿದಾಗ, ತೆರೆದಿಟ್ಟಿದ್ದ ಬಾಗಿಲಿನಿಂದ ಗೇಟಿನಲ್ಲಿದ್ದ ಕಲ್ಹೇನ್‌ನ ಮಾತು ಕೇಳಿಸಿತು.

"ಆಗಲ್ಲ, ಆಗಲ್ಲ. ಯಾರನ್ನೂ ಬಿಡೋ ಹಾಗಿಲ್ಲ ಅಂತ ನೋರೀನ್ ಅವರೇ ಹೇಳಿದಾರೆ."

ನೋರೀನ್ ಎದ್ದು ಬಾಗಿಲಿಗೆ ಬಂದಳು. ಮೈದಾನದಿಂದ ನಡೆದೇ ಬಂದಿದ್ದ ಪಾಕಿ ಗೇಟಿನ ಕಂಬಿ ಹಿಡಿದು ಏದುಸಿರು ಬಿಡುತ್ತಿದ್ದ. ಟೋಪಿಯಿಂದ ನೀರು ಸುರಿಯುತ್ತಿತ್ತು.

"ಗೇಟ್ ತೆಗಿ ಫಿನ್‌ಟನ್," ಎಂದು ಅವಳು ಅಲ್ಲಿಂದಲೇ ಕೂಗಿದಳು.

ಕಲ್ಹೇನ್ ಗೇಟು ತೆಗೆದು ಪಕ್ಕಕ್ಕೆ ಸರಿದ. ಪಾಕಿ ಅವನತ್ತ ತಿರುಗಿಯೂ ನೋಡದೆ ಒಳಗೆ ಬಂದ.

ತನ್ನ ಜಾಗಕ್ಕೆ ಅವನು ನೇರವಾಗಿ ಹೋಗಲಿಲ್ಲ. ನಡುದಾರಿಯಲ್ಲಿ ಕೆಸರಿನ ಹೆಜ್ಜೆ ಇಡುತ್ತ ಪೆಟ್ಟಿಗೆಯವರೆಗೆ ನಡೆದ. ಯಾರೂ ತಡೆಯಲಿಲ್ಲ. ಟೋಪಿ ತೆಗೆದು ಕಂಕುಳಲ್ಲಿ ಇಟ್ಟುಕೊಂಡ. ಬೆರಳ ಗಂಟಿನಿಂದ ಮುಚ್ಚಳದ ಮೇಲೆ ಎರಡು ಸಲ ತಟ್ಟಿದ. ಆಮೇಲೆ, ಒಳಗಿನವನು ಎದ್ದು ಬಂದು ಚಿಲಕ ಸರಿಸಲು ಬೇಕಾಗುವಷ್ಟು ಹೊತ್ತು, ತಲೆ ಒಂದು ಬದಿಗೆ ವಾಲಿಸಿ ನಿಂತುಕೊಂಡ.