ಕೈಯಿಂದ ಕೈಗೆ ಬಂದ ಸೈರನ್

ಗಿಮರಾಸ್ ದ್ವೀಪದ ಮಾವು ದೋಣಿಗಳಲ್ಲಿ ನಮ್ಮ ಇಲೋಯಿಲೋ ಪೇಟೆಗೆ ಬಂದಿಳಿಯುವ ಬೇಸಿಗೆ. ಉಂಡವರಿಗೆ ಕಣ್ಣೆಳೆಯುವ ಮಧ್ಯಾಹ್ನದ ಹೊತ್ತು. ತೆಂಗಿನ ಗರಿಯಲ್ಲಿ ಸುತ್ತಿ ಬೇಯಿಸಿದ ಅಂಟಕ್ಕಿಯ ಇಬೋಸ್ ಮಾರಿ ಮುಗಿಸಿ, ಸೇತುವೆಯಾಚೆ ಅಕ್ಕಿ ಕೊಳ್ಳಲೆಂದು ಖಾಲಿ ಬುಟ್ಟಿಯೊಂದಿಗೆ ನಾನು ಸೆವೆರಿನೋನ ಜೀಪ್ನಿ ಹತ್ತಿದೆ. ನಮ್ಮೂರ ಪುಟ್ಟ ಬಸ್ಸು ಅದು, ಎರಡು ಬದಿಗೂ ಉದ್ದ ಬೆಂಚು. ಬುಟ್ಟಿ ಇರುವುದರಿಂದ ನನ್ನ ಜಾಗ ಯಾವಾಗಲೂ ಹಿಂದಿನ ತುದಿ, ಹತ್ತುವ ಮೆಟ್ಟಿಲಿನ ಪಕ್ಕ. ಅಲ್ಲಿ ಬಾಗಿಲಿಲ್ಲ. ಬಿಟ್ಟುಬಂದ ರಸ್ತೆಯೆಲ್ಲ ಕಾಣುತ್ತದೆ.

ಸೆವೆರಿನೋ ನಮ್ಮ ಪಕ್ಕದ ಮನೆಯವನು. ಒಳ್ಳೆಯವನು. ಬೆಂಚುಗಳ ಕೆಳಗೆ ಹೊಸದಾಗಿ ದೊಡ್ಡ ಸ್ಪೀಕರ್ ಹಾಕಿಸಿದ್ದ. ಹಾಡು ಶುರುವಾದರೆ ಕೂತವರ ಮಂಡಿ ನಡುಗಬೇಕು, ಹಾಗೆ. ಕಾಲೇಜಿನ ಮಕ್ಕಳು ಬೇರೆ ಜೀಪ್ನಿ ಬಿಟ್ಟು ಅವನದಕ್ಕೇ ಕಾಯುತ್ತಿದ್ದರು.

ಅಂದು ಸೇತುವೆಯ ಮೇಲೆ ನಮ್ಮ ಹಿಂದೆ ಆಂಬುಲೆನ್ಸ್ ಬಂತು. ಸೈರನ್ ನನ್ನ ಕಿವಿಗೆ ಚೆನ್ನಾಗಿಯೇ ಕೇಳಿಸಿತು. ಸೆವೆರಿನೋ ಹಾಡಿಗೆ ತಲೆದೂಗುತ್ತಾ ನಡುರಸ್ತೆಯಲ್ಲೇ ಹೋಗುತ್ತಿದ್ದ. ಅವನಿಗೂ ಕೇಳಿಸಿರುತ್ತದೆ ಎಂದು ಕೂತವರೆಲ್ಲ ಸುಮ್ಮನಿದ್ದೆವು. ಸೇತುವೆ ಮುಗಿಯುವವರೆಗೂ ಅದು ನಮ್ಮ ಬೆನ್ನಿಗೇ ಇತ್ತು.

ಸಂಜೆ ನಾನು ಸೆವೆರಿನೋನ ಮನೆಯಲ್ಲಿದ್ದಾಗ ಎಡ್ನಲಿನ್ ಬಂದಳು. ಅವಳೂ ನಮ್ಮ ಓಣಿಯವಳೇ, ಆ ಆಂಬುಲೆನ್ಸಿನ ನರ್ಸ್. ಜಗಳಕ್ಕೆ ಬಂದಿರಲಿಲ್ಲ. ಸೆವೆರಿನೋನ ಹೆಂಡತಿ ತೆರ್ಸಿಂಗ್ ಹೆಚ್ಚಿಕೊಟ್ಟ ಮಾವು ತಿನ್ನುತ್ತಾ ನಿಧಾನವಾಗಿ ಹೇಳಿದಳು. ಒಳಗಿದ್ದವರು ಒಬ್ಬರು ಬೆಸ್ತರು, ಉಸಿರು ಕಟ್ಟಿತ್ತು, ಹೇಗೋ ಉಳಿದುಕೊಂಡರು.

"ಅವರ ಕೈ ಹಿಡ್ಕೊಂಡು ನಿಮ್ಮ ಜೀಪ್ನಿ ಬೆನ್ನೇ ನೋಡ್ತಾ ಕೂತಿದ್ದೆ, ನೋಂಗ್," ಎಂದಳು. ಅಣ್ಣನಂಥವರನ್ನು ನಾವು ನೋಂಗ್ ಎನ್ನುವುದು. "ಹಿಂದ್ಗಡೆ 'ದೇವರು ಬೇಗ ಮನೆ ಸೇರಿಸಲಿ' ಅಂತ ಬರೆಸಿದ್ದೀರಲ್ಲ, ಸೇತುವೆ ಉದ್ದಕ್ಕೂ ಅದನ್ನೇ ಓದ್ದೆ."

ಸೆವೆರಿನೋನ ಮುಖ ಸಣ್ಣದಾಯಿತು. ಆದರೂ ಬಿಡಲಿಲ್ಲ. "ನನ್ನ ಕಿವಿ ಚೆನ್ನಾಗೇ ಇದೆ. ಕೇಳಿಸ್ಲಿಲ್ಲ ಅಂದ್ರೆ ಅದು ನಿಮ್ ಸೈರನ್ ತಪ್ಪು. ಇನ್ನೂ ಜೋರಾಗಿರೋದು ಹಾಕಿಸ್ಕೊಳ್ಳಿ."

"ಇವನ ಕಿವಿ ಚೆನ್ನಾಗಿರೋದು ಊಟಕ್ಕೆ ಕರ್ದಾಗ ಮಾತ್ರ," ಎಂದಳು ತೆರ್ಸಿಂಗ್. ನಕ್ಕೆವು. ತೆರ್ಸಿಂಗಳ ಹೃದಯ ದುರ್ಬಲ. ಎದೆನೋವು ಬಂದರೆ ಒಂದು ಗಳಿಗೆಯೂ ತಡಮಾಡಬಾರದೆಂದು ಡಾಕ್ಟರು ಹೇಳಿದ್ದರು. ನಮ್ಮ ಓಣಿಯಿಂದ ಆಸ್ಪತ್ರೆಗೆ ಇರುವುದು ಆ ಸೇತುವೆಯ ದಾರಿಯೊಂದೇ. ನಗು ನಿಂತ ಮೇಲೆ ಎಲ್ಲರಿಗೂ ಅದೇ ನೆನಪಾಗಿರಬೇಕು.

ಭಾನುವಾರ ಬಯಲಿನಲ್ಲಿ ನಡೆದ ಚಾಲಕರ ಸಭೆಗೆ ಎಡ್ನಲಿನ್ ಕೇಳಿಕೊಂಡು ಆಂಬುಲೆನ್ಸ್ ತರಿಸಿದಳು. ಪರೀಕ್ಷೆ ಇಷ್ಟು: ಸೆವೆರಿನೋ ತನ್ನ ಜೀಪ್ನಿಯಲ್ಲಿ ಕೂತು, ಎಂಜಿನ್ ಚಾಲು ಮಾಡಿ, ಹಾಡು ಹಾಕಿಕೊಳ್ಳಬೇಕು. ಕನ್ನಡಿ ನೋಡಬಾರದು. ಸೈರನ್ ಕೇಳಿಸಿದಾಗ ಕೈ ಎತ್ತಬೇಕು. ಬಯಲಿನ ಆ ತುದಿಯಿಂದ ಆಂಬುಲೆನ್ಸ್ ಕೂಗುತ್ತಾ ನಿಧಾನವಾಗಿ ಬಂತು. ಹಿಂದೆ ಕೂತ ನಾನು ಕಿವಿ ಮುಚ್ಚಿಕೊಂಡೆ. ಸೆವೆರಿನೋನ ಕೈ ಇನ್ನೂ ಸ್ಟಿಯರಿಂಗ್ ಮೇಲೇ ತಾಳ ಹಾಕುತ್ತಿತ್ತು. ಅವನು ಕೈ ಎತ್ತುವಾಗ ಆಂಬುಲೆನ್ಸ್ ನಮ್ಮ ಮೆಟ್ಟಿಲ ಹತ್ತಿರವೇ ಬಂದುಬಿಟ್ಟಿತ್ತು.

ಸೆವೆರಿನೋ ಇಳಿದು ಬಂದು, ಆಂಬುಲೆನ್ಸಿಗೂ ಮೆಟ್ಟಿಲಿಗೂ ನಡುವೆ ಉಳಿದ ಜಾಗವನ್ನೇ ನೋಡುತ್ತಾ ನಿಂತ. ಎಡ್ನಲಿನ್ ತಿಳಿಸಿ ಹೇಳಿದಳು: ಎಂಜಿನ್ ಸದ್ದು, ಹಾಡು, ಏರಿಸಿದ ಗಾಜು, ಇವು ಸೈರನ್ನನ್ನು ನುಂಗುತ್ತವೆ. ನಾಲ್ಕು ದಾರಿ ಕೂಡುವಲ್ಲಿ ಕೇಳಿಸಿದರೂ ಯಾವ ಕಡೆಯಿಂದ ಬರುತ್ತಿದೆಯೆಂದು ತಿಳಿಯುವುದು ಕಷ್ಟ.

"ಹಂಗಾದ್ರೆ ಸೈರನ್ ಯಾಕೆ ಬೇಕು, ತಂಗಿ?"

"ಬೇಕು, ನೋಂಗ್. ಕೂಗೋದು ಅದರ ಕೆಲ್ಸ. ಕೇಳಿಸ್ಕೊಳ್ಳೋದು ನಮ್ದು. ಹಾಡು ತಗ್ಗಿಸಿ, ಆಗಾಗ ಕನ್ನಡಿ ನೋಡ್ತಾ ಇರಿ."

ಸಭೆ ನೋಡಲು ಬಂದಿದ್ದ ತೆರ್ಸಿಂಗ್ ಆಗ ಗಂಡನಿಗೆ ಹೇಳಿದಳು: "ಹಿಂದ್ಗಡೆ ಕೂತೋರ ಚಾರ್ಜಿನ ಚಿಲ್ಲರೆ ಕೈಯಿಂದ ಕೈಗೆ ದಾಟ್ಕೊಂಡು ನಿನ್ನ ಹತ್ರ ಬರುತ್ತಲ್ಲ. ಒಂದು ದಿನಾನೂ ತಪ್ಪಿಲ್ಲ. ಮಾತೂ ಅದೇ ದಾರೀಲಿ ಬರ್ಲಿ."

ಅಂದಿನಿಂದ ಸೆವೆರಿನೋನ ಹಾಡು ತಗ್ಗಿತು. ಮಕ್ಕಳು ಗೊಣಗಿದರು, ಆದರೂ ಹತ್ತಿದರು. ಹಿಂದೆ ಕೂತವರು ಆಂಬುಲೆನ್ಸ್ ಕಂಡರೆ ಪಕ್ಕದವರ ಭುಜ ತಟ್ಟಿ ಹೇಳಬೇಕೆಂದು ಅವನೇ ಎಲ್ಲರಿಗೂ ಹೇಳುತ್ತಿದ್ದ.

ಮಳೆಗಾಲ ಹಿಡಿದಿತ್ತು. ಒಂದು ಬೆಳಿಗ್ಗೆ ನೀರು ಎರಚದಂತೆ ಪಕ್ಕದ ಪರದೆಗಳನ್ನೆಲ್ಲ ಇಳಿಬಿಟ್ಟಿದ್ದರು. ಸೂರಿನ ಮೇಲೆ ಮಳೆಯ ಸದ್ದಿಗೆ ಬೇರೇನೂ ಕೇಳುತ್ತಿರಲಿಲ್ಲ. ಸೇತುವೆಯ ಹತ್ತಿರ ಬಂದಾಗ ಹಿಂದೆ ದೂರದಲ್ಲಿ ಕೆಂಪು ದೀಪ ತಿರುಗುವುದು ಕಂಡಿತು. ಪಕ್ಕದಲ್ಲಿದ್ದ ಮೇಷ್ಟರ ಭುಜ ತಟ್ಟಿದೆ. ಅವರು ಮೀನು ಮಾರುವವಳನ್ನು ತಟ್ಟಿದರು. ಹಾಗೇ ದಾಟುತ್ತಾ ಮಾತು ಮುಂದೆ ಮುಟ್ಟಿತು. ಸೆವೆರಿನೋ ಕನ್ನಡಿ ನೋಡಿದ, ಇಂಡಿಕೇಟರ್ ಹಾಕಿದ, ಸೇತುವೆಗೆ ಮೊದಲೇ ಬಲಕ್ಕೆ, ರಸ್ತೆಯ ಅಂಚಿಗೆ ಸರಿದು ನಿಂತ. ಹಿಂದಿನ ವಾಹನಗಳೂ ಸರಿದವು. ಆಂಬುಲೆನ್ಸ್ ನಮ್ಮನ್ನು ದಾಟಿ ಹೋಯಿತು. ಅವನು ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡು, "ಯಾರೋ ಪಾಪ, ಉಳೀಲಿ," ಎಂದು ಮತ್ತೆ ಹೊರಟ.

ನಿಲ್ದಾಣದಲ್ಲಿ ಅವನಿಗೆ ಸುದ್ದಿ ಕಾದಿತ್ತು. ಒಳಗಿದ್ದವಳು ತೆರ್ಸಿಂಗ್. ಅವನು ಜೀಪ್ನಿಯನ್ನು ಅಲ್ಲೇ ಬಿಟ್ಟ. ಆಸ್ಪತ್ರೆಗೆ ಓಡಿದಾಗ ಡಾಕ್ಟರು ಹೇಳಿದ್ದಿಷ್ಟೇ: ಹೊತ್ತಿಗೆ ಸರಿಯಾಗಿ ತಂದರು.

ಓದುತ್ತಿರುವ ಅಣ್ಣಂದಿರೇ, ಅಕ್ಕಂದಿರೇ, ಸೈರನ್ ಕೂಗಿದರೆ ಎಲ್ಲರಿಗೂ ಕೇಳಿಸಿತೆಂದು ನಂಬಬೇಡಿ. ಗಾಡಿ ಓಡಿಸುವಾಗ ಹಾಡು ತಗ್ಗಿಸಿ, ಕನ್ನಡಿ ನೋಡಿ. ಗಾಬರಿಯಲ್ಲಿ ನಡುರಸ್ತೆಯಲ್ಲಿ ನಿಲ್ಲಬೇಡಿ. ಸೂಚನೆ ಕೊಟ್ಟು ಪಕ್ಕಕ್ಕೆ ಸರಿಯಿರಿ. ಆಂಬುಲೆನ್ಸಿನ ಬೆನ್ನು ಹಿಡಿದು ಗಾಡಿ ಓಡಿಸಬೇಡಿ. ಹಿಂದೆ ಕೂತವರೇ, ನಿಮಗೆ ಕಂಡದ್ದನ್ನು ಮುಂದೆ ದಾಟಿಸಿ. ಒಳಗೆ ಯಾರಿದ್ದಾರೆಂದು ನಮಗೆ ತಿಳಿದಿರುವುದಿಲ್ಲ.

ತೆರ್ಸಿಂಗ್ ಆಸ್ಪತ್ರೆ ಬಿಟ್ಟಿದ್ದು ಶನಿವಾರ. ಸೆವೆರಿನೋ ಮುಂದಿನ ಸೀಟು ಒರೆಸಿ ದಿಂಬು ಇಟ್ಟಿದ್ದ. ಅವಳು ದಿಂಬು ಎತ್ತಿಕೊಂಡು ಹಿಂದಕ್ಕೆ ಬಂದು, ಮೆಟ್ಟಿಲ ಪಕ್ಕ ನನ್ನ ಎದುರಿಗೆ ಕೂತಳು.

"ನೀನು ಮುಂದೆ ನೋಡ್ಕೊ," ಎಂದಳು. "ಹಿಂದಿಂದು ನಾನು ನೋಡ್ಕೋತೀನಿ."