ತೊಳೆದ ಕಲ್ಲುಚೂರು

ಮೂಲೆಯ ಕುಳಿಯಿಂದ ಬಂದ ಕಲ್ಲುಚೂರುಗಳು ತೀರಾ ಚೊಕ್ಕಟವಾಗಿದ್ದವು. ನನಗೆ ಅನುಮಾನ ಹುಟ್ಟಿದ್ದೇ ಅಲ್ಲಿ. ಕಡಲ ತಳದ ಕೆಸರನ್ನು ದಾಟಿ ಬಂದ ಕಲ್ಲು ಒಂದು ಸಲ ತೊಳೆದ ಮಾತ್ರಕ್ಕೆ ಹೀಗೆ ಮಿರಮಿರ ಮಿಂಚಿದರೆ ಯಾರು ನಂಬುತ್ತಾರೆ? ಬೆಳ್ಳಗಿರೋದೆಲ್ಲ ಹಾಲಲ್ಲ.

ಹೊಸ ಹಡಗುಕಟ್ಟೆಯ ಕೆಲಸ ನಡೆಯುವುದು ಹೀಗೆ. ನನ್ನ ಭಾವ ದೊಡ್ಡ ಯಂತ್ರ ನಡೆಸಿ ಕೆಸರನ್ನೂ ಅದರಡಿಯ ಬಂಡೆಯನ್ನೂ ಕೊರೆಯುತ್ತಾರೆ. ನೀರಿನ ಜೊತೆ ಮೇಲೆ ಬರುವ ಚೂರುಗಳನ್ನು ಅಕ್ಕ ತೊಟ್ಟಿಯಲ್ಲಿ ತೊಳೆದು ಚೀಲಕ್ಕೆ ತುಂಬುತ್ತಾಳೆ. ಆ ಚೀಲವನ್ನು ಭಾವ ನನ್ನ ಮೇಜಿಗೆ ತರುತ್ತಾರೆ. ನಾನು ನೋಡಿ, ಮೂಸಿ, ಉಗುರಲ್ಲಿ ಕೆರೆದು, ಇದು ತಳದ ಬಂಡೆಯೇ ಸರಿ ಅಂದರೆ ಕುಳಿಗೆ ಕಬ್ಬಿಣದ ಪಂಜರ ಇಳಿಸಿ ಕಾಂಕ್ರೀಟ್ ಸುರಿಯುತ್ತಾರೆ. ಅದು ಬಂಡೆಯಲ್ಲದೆ ಕೆಸರಲ್ಲಿ ಕೂತ ಬರೀ ಗುಂಡುಕಲ್ಲಾಗಿದ್ದರೆ ಕಂಬ ಒಂದಲ್ಲ ಒಂದು ದಿನ ಕುಸಿಯುತ್ತದೆ. ಮೂಲೆಯ ಕಂಬದ ಮೇಲಂತೂ ದೊಡ್ಡ ಕ್ರೇನು ನಿಲ್ಲಬೇಕು. ಮೊಸರಲ್ಲಿ ಕಲ್ಲು ಹುಡುಕೋಳು ಅಂತ ಎಲ್ಲರೂ ನನ್ನನ್ನು ಆಡಿಕೊಳ್ಳುತ್ತಾರೆ. ಹುಡುಕಲಿ ಅಂತಲೇ ನನಗೆ ಸಂಬಳ ಕೊಡುವುದು. ಮಣ್ಣು ಮೆತ್ತಿದ ಚೂರು ತಂದರೆ ಚೀಲಸಮೇತ ತೊಟ್ಟಿಗೆ ಎಸೆಯುತ್ತೇನೆ, ಅದೂ ಎಲ್ಲರಿಗೂ ಗೊತ್ತು.

ಭಾವನ ಮೇಲೆ ಅನುಮಾನಕ್ಕೆ ಕಾರಣವಿತ್ತು. ಯಂತ್ರದ ಕೊರೆಯುವ ಹಲ್ಲುಗಳನ್ನು ಮೇಲಿಂದ ಮೇಲೆ ಮುರಿದಿದ್ದಕ್ಕೆ, ಇನ್ನೊಂದು ತಪ್ಪಾದರೆ ಮನೆಗೆ ಹೋಗಬೇಕಾಗುತ್ತೆ ಅಂತ ಎಂಜಿನಿಯರ್ ಅವರಿಗೆ ಹೇಳಿದ್ದರು. ಅವಸರದ ಮನುಷ್ಯ ಏನು ತಾನೇ ಮಾಡುವುದಿಲ್ಲ? ನಾನು ನೋಡಿ ಮುಗಿಸಿದ ಹಳೇ ಚೂರುಗಳೆಲ್ಲ ತೊಟ್ಟಿಯ ಹಿಂದೆ ಗುಡ್ಡೆ ಬಿದ್ದಿರುತ್ತವೆ. ಅದರಿಂದ ಒಂದು ಬೊಗಸೆ ಎತ್ತಿ ಚೀಲಕ್ಕೆ ಹಾಕಿದರೆ ಮುಗಿಯಿತು.

"ಇನ್ನೂ ಸ್ವಲ್ಪ ಕೊರೆದು ನಾಳೆ ಇನ್ನೊಂದು ಚೀಲ ತನ್ನಿ ಭಾವ," ಅಂದೆ. ಅವರು ಮುಖ ಗಂಟಿಕ್ಕಿಕೊಂಡು ಹೋದರು.

ಅವತ್ತು ರಾತ್ರಿ ಮನೆಯಲ್ಲಿ ಊಟಕ್ಕೆ ಕೂತಾಗ ಭಾವನನ್ನು ಬೇಕಂತಲೇ ಕೇಳಿದೆ. "ಅಲ್ಲ, ಆ ಮೂಲೆ ಕುಳಿ ಚೂರು ಹಳೇ ಕುಳಿಗಳ ಚೂರಿನ ಥರಾನೇ ಇದೆಯಲ್ಲ?"

"ಬಂಡೆ ಒಂದೇ ಆದ್ರೆ ಚೂರು ಬೇರೆ ಥರ ಇರುತ್ತಾ?" ಅಂದವರು ಕೆಮ್ಮಿದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಿತ್ತು. ಅಕ್ಕ ಊಟ ಅರ್ಧಕ್ಕೇ ಬಿಟ್ಟು ತಟ್ಟೆ ಎತ್ತಿಕೊಂಡು ಒಳಗೆ ಹೋದಳು. ಪಾಪ, ಗಂಡನ ಕಳ್ಳಾಟ ಅವಳಿಗೇನು ಗೊತ್ತು ಅಂದುಕೊಂಡೆ.

ಬೆಳಿಗ್ಗೆ ಎಲ್ಲರಿಗಿಂತ ಮೊದಲು ಹೋಗಿ, ಅಕ್ಕನ ಮಗಳ ಉಗುರುಬಣ್ಣದಿಂದ ಗುಡ್ಡೆಯ ಹಳೇ ಚೂರುಗಳಿಗೆ ಅಲ್ಲಲ್ಲಿ ಕೆಂಪು ಚುಕ್ಕೆ ಇಟ್ಟೆ. ಮಧ್ಯಾಹ್ನದ ಹೊತ್ತಿಗೆ ಭಾವ ಚೀಲ ತಂದಿಟ್ಟು ಹೋದರು. ಮೇಜಿನ ಮೇಲೆ ಸುರಿದೆ. ಕರೀ ಚೂರುಗಳ ನಡುವೆ ಕೆಂಪು ಚುಕ್ಕೆಯೊಂದು ಕಣ್ಣು ಬಿಟ್ಟುಕೊಂಡಿತ್ತು.

ಖುಷಿಯಾಯಿತು. ಸುಳ್ಳೇಕೆ ಹೇಳಲಿ, ಮೊದಲು ಆದದ್ದು ಖುಷಿಯೇ. ಸಿಟ್ಟು ಬಂದದ್ದು ಆಮೇಲೆ. ಚೂರನ್ನು ಹಿಡಿದು ಯಂತ್ರದ ಹತ್ತಿರ ಓಡಿದೆ. ಎಂಜಿನಿಯರೂ ಅಲ್ಲೇ ಇದ್ದರು.

"ಇದು ಆ ಕುಳಿಯಿಂದ ಬಂದದ್ದಾ ಭಾವ? ಕಡಲ ತಳದಲ್ಲಿ ಯಾರು ಉಗುರಿಗೆ ಬಣ್ಣ ಹಚ್ಕೊಂಡು ಕೂತಿದ್ರು?"

ಕೆಲಸದವರು ನಕ್ಕರು. ಭಾವ ಚೂರನ್ನು ಕೈಯಲ್ಲಿ ತಿರುಗಿಸಿ ನೋಡಿದರು. ಅವರ ಮುಖದಲ್ಲಿ ಕಂಡದ್ದು ಭಯವಲ್ಲ, ಬೆರಗು. ಆಮೇಲೆ ತೊಟ್ಟಿಯ ಕಡೆ ಒಂದು ಸಲ ತಿರುಗಿದರು. ಅಕ್ಕ ಅಲ್ಲಿ ಬೆನ್ನು ಹಾಕಿ ಕೂತಿದ್ದಳು.

"ನಾನೇ ಹಾಕಿದ್ದು," ಅಂದರು.

"ಹಾಗಾದ್ರೆ ಮನೆಗೆ ಹೋಗು," ಅಂದರು ಎಂಜಿನಿಯರ್.

ಭಾವ ಕೈಗವಸು ಕಳಚಿಟ್ಟು ಗೇಟಿನ ಕಡೆ ನಡೆದರು. ನಾನು ಕಾಂಕ್ರೀಟಿಗೆ ಒಪ್ಪಿಗೆ ಕೊಡದೆ, ಇನ್ನೊಬ್ಬ ಆಪರೇಟರ್ ಕೈಲಿ ಅದೇ ಕುಳಿ ಮತ್ತೆ ಕೊರೆಸಿದೆ. ಸ್ವಲ್ಪ ಹೊತ್ತು ಗರಗರ ಅಂದ ಯಂತ್ರ ತಟ್ಟನೆ ಸದ್ದು ಬದಲಿಸಿ, ಬೆಣ್ಣೆಗೆ ಚಾಕು ಇಳಿದ ಹಾಗೆ ಕೆಳಗಿಳಿಯಿತು. ಗುಂಡುಕಲ್ಲು! ಅದರ ಕೆಳಗೆ ಬರೀ ಕೆಸರು. ನೋಡಿದಿರಾ, ನಾನು ಹೇಳಲಿಲ್ಲವಾ ಅನ್ನುವ ಹಾಗೆ ಸುತ್ತ ನೋಡಿದೆ.

ಈ ಸಲ ಮೇಲೆ ಬಂದ ಚೂರುಗಳನ್ನು ತೊಟ್ಟಿಗೆ ಕಳಿಸದೆ ಯಂತ್ರದ ಪಕ್ಕದ ಬುಟ್ಟಿಯಿಂದ ನಾನೇ ಎತ್ತಿಕೊಂಡೆ. ಒಂದೊಂದಕ್ಕೂ ಜೇಡಿ ಮೆತ್ತಿತ್ತು. ಕೆಸರಲ್ಲಿ ಹೂತ ಕಲ್ಲಿಗೆ ಮಾತ್ರ ಹೀಗೆ ಕಚ್ಚಿಕೊಳ್ಳುವ, ಎಷ್ಟು ಉಜ್ಜಿದರೂ ಹೋಗದ ಜೇಡಿ. ಇದು ಗುಂಡುಕಲ್ಲು ಅಂತ ಕಲ್ಲು ಬಾಯಿಬಿಟ್ಟು ಹೇಳುತ್ತಿದ್ದದ್ದು ಆ ಜೇಡಿಯಲ್ಲಿ. ನಿನ್ನೆಯೂ ಹೀಗೇ ಬಂದಿರಬೇಕಲ್ಲ? ಹಾಗಿದ್ದರೆ ಅದನ್ನು ಯಾರು ತೆಗೆದರು? ಭಾವನ ಕೈಗೆ ಚೀಲ ಸಿಗುವುದೇ ತೊಳೆದಾದ ಮೇಲೆ.

ತೊಟ್ಟಿಯ ಹತ್ತಿರ ಹೋದೆ. ನನ್ನನ್ನು ಕಂಡ ತಕ್ಷಣ ಅಕ್ಕ ಎರಡೂ ಕೈಗಳನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡಳು.

"ತೋರಿಸಕ್ಕಾ."

"ಬೈಬೇಡ ಕಣೇ." ಕೈ ಮುಂದೆ ಬಂತು. ಬೊಗಸೆ ತುಂಬ ಜೇಡಿ ಮೆತ್ತಿದ ಚೂರುಗಳು. "ಉಜ್ಜಿ ಉಜ್ಜಿ ಉಗುರು ಕಿತ್ತು ಬಂತು, ಮಣ್ಣು ಬಿಡಲಿಲ್ಲ. ಕೊಳಕು ಚೂರು ಕಂಡ್ರೆ ನೀನು ಎಲ್ಲರ ಮುಂದೆ ಎಸೀತೀಯಲ್ಲ. ಅದಕ್ಕೇ ಇವನ್ನ ಆರಿಸಿ ತೆಗೆದು, ಗುಡ್ಡೆಯಿಂದ ಒಂದಿಷ್ಟು ಚೆನ್ನಾಗಿರೋದು ಸೇರಿಸ್ತಿದ್ದೆ. ಕಲ್ಲು ಎಲ್ಲಿದಾದ್ರೂ ಕಲ್ಲೇ ಅಲ್ವಾ?"

ಅಮ್ಮ ಹೋದ ಮೇಲೆ ನನ್ನ ಮುಖ ತೊಳೆದು, ತಲೆ ಬಾಚಿ, ಶಾಲೆಗೆ ಕಳಿಸಿದ ಕೈಗಳು ಅವು.

ಗೇಟಿಗೆ ಓಡಿದೆ. ಭಾವ ಹೊರಗಿನ ಕಟ್ಟೆಯ ಮೇಲೆ ಕೂತಿದ್ದರು.

"ಯಾಕೆ ಸುಳ್ಳು ಹೇಳಿದ್ರಿ?"

"ನನಗೆ ಎಂಜಿನಿಯರ್ ಒಬ್ಬನದೇ ಭಯ. ಅವಳಿಗೆ ನಿನ್ನ ಭಯ."

ಎಂಜಿನಿಯರ್ ಎದುರು ನಿಂತು ಎಲ್ಲ ಹೇಳಿದೆ. ಹೇಳುವಾಗ ಅತ್ತುಬಿಟ್ಟೆ, ನಾಚಿಕೆಯಿಂದ. ಅವರು ಭಾವನನ್ನು ವಾಪಸ್ ಕರೆಸಿದರು, ಅಕ್ಕನನ್ನೂ ಉಳಿಸಿಕೊಂಡರು. ಭಾವ ಮೂಲೆಯ ಕುಳಿಯನ್ನು ನಿಜವಾದ ಬಂಡೆ ಸಿಗುವ ತನಕ ಕೊರೆದರು. ಈಗ ಚೂರುಗಳು ಜೇಡಿಸಮೇತ ನನ್ನ ಮೇಜಿಗೆ ಬರುತ್ತವೆ. ಚೀಲವನ್ನು ಅಕ್ಕನೇ ತಂದುಕೊಡಲಿ ಅಂತ ನಾನೇ ಕೇಳಿಕೊಂಡಿದ್ದೇನೆ.

ಅವಳು ಚೀಲ ಇಟ್ಟು ಒಂದು ಹೆಜ್ಜೆ ಹಿಂದೆ ಸರಿದು ನಿಲ್ಲುತ್ತಾಳೆ. ನಾನು ತಲೆ ಎತ್ತಿ ನಗುತ್ತೇನೆ. ಈ ನಗುವಿನ ಹಿಂದೆ ಏನಿದೆಯೋ ಅಂತ ಅಕ್ಕ ನನ್ನ ಮುಖವನ್ನೇ ಹುಡುಕುತ್ತಾ ನಿಂತಿರುತ್ತಾಳೆ.